ಪದಕ ತಪ್ಪಿದವರ ಲೆಕ್ಕ: ನನ್ನ ನೋಟ್‌ಬುಕ್ ಕೊನೆಗೂ ಹೊಂದಿಕೊಂಡ ಬಗೆ

2023, 2024, 2025. ಫುಟಿ ಎಂದು ಕರೆಯುವ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ಈ ಮೂರು ಗ್ರ್ಯಾಂಡ್ ಫೈನಲ್‌ಗಳಲ್ಲೂ ಕೊನೇ ಕ್ವಾರ್ಟರ್ ಇನ್ನೂ ಹತ್ತು ನಿಮಿಷ ಇರುವಾಗಲೇ ಒಂದು ಹೆಸರು ಬರೆದು ಲಕೋಟೆಗೆ ಹಾಕಿ ಅಂಟಿಸಿದೆ. ಮೂರೂ ಸಲ, ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಅದೇ ಹೆಸರಿಗೆ ಹೋಯಿತು: ಬಾಬಿ ಹಿಲ್, ವಿಲ್ ಆ್ಯಶ್‌ಕ್ರಾಫ್ಟ್, ಮತ್ತೆ ವಿಲ್ ಆ್ಯಶ್‌ಕ್ರಾಫ್ಟ್. ಮೆಲ್ಬರ್ನ್‌ನಲ್ಲಿ ನಾನು ಕೆಲಸ ಮಾಡುವ ಗೋದಾಮಿನ ಊಟದ ಕೋಣೆಯಲ್ಲಿ ನಲವತ್ತು ವರ್ಷದಿಂದ ಫುಟಿ ನೋಡುತ್ತ ಬಂದ ಹಿರಿಯರೊಬ್ಬರಿದ್ದಾರೆ. "ಕ್ರಿಕೆಟ್ ಸ್ಕೋರರ್ ನೀನು, ಇದು ನಿನ್ನ ಪುಸ್ತಕಕ್ಕೆ ಸಿಗುವ ಆಟವಲ್ಲ" ಎನ್ನುತ್ತಿದ್ದವರು ಅವರೇ. ಮೂರನೇ ಲಕೋಟೆ ಒಡೆದ ಮೇಲೆ ಐವತ್ತು ಡಾಲರ್ ಮೇಜಿನ ಮೇಲಿಟ್ಟು, ನೋಟ್‌ಬುಕ್ ಕೇಳಿ ಪಡೆದು ಓದಿದರು.

ಪದಕ ಯಾರಿಗೆ ಎಂದು ಮೊದಲೇ ಹೇಳುವುದು ನನ್ನ ಉದ್ದೇಶವಾಗಿರಲಿಲ್ಲ. ನನಗೆ ಬೇಕಿದ್ದವರು ಪದಕ ತಪ್ಪಿದವರು. ಆದರೆ ಅನುಮಾನವಿಲ್ಲದ ವರ್ಷಗಳಲ್ಲಿ, ಆಟಗಾರರಿಗೆ ನಾನೇ ಅಂಕ ಕೊಡುವ ಈ ಲೆಕ್ಕ ಪದಕದ ಜೊತೆ ಹೊಂದದಿದ್ದರೆ, ಅನುಮಾನವಿರುವ ವರ್ಷಗಳ ಬಗ್ಗೆ ಅದು ಹೇಳಿದ್ದನ್ನು ಯಾರು ನಂಬುತ್ತಾರೆ?

ದಾವಣಗೆರೆಯಲ್ಲಿ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆದ ಕೈ ನನ್ನದು. ಹಾಗಾಗಿ ಮೊದಲು ಡಿಸ್ಪೋಸಲ್‌ಗಳನ್ನು (ಚೆಂಡನ್ನು ಒದ್ದೋ ಕೈಯಿಂದ ಗುದ್ದಿಯೋ ಸಾಗಿಸುವುದು) ರನ್ನುಗಳ ಹಾಗೆ ಕೂಡಿಸಿದೆ. ಪ್ರತಿ ವರ್ಷವೂ ಮಿಡ್‌ಫೀಲ್ಡರ್‌ಗಳೇ ಮೇಲೆ ಬಂದರು. 2013ರಲ್ಲಿ ಪದಕ ಗೆದ್ದ ಹಾಥಾರ್ನ್‌ನ ಡಿಫೆಂಡರ್ ಬ್ರಯಾನ್ ಲೇಕ್ ನನ್ನ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಕೂತಿದ್ದ. ಗೋಲಿನ ತೂಕ ಹೆಚ್ಚಿಸಿ ನೋಡಿದರೆ 2021ರಲ್ಲಿ 6 ಗೋಲು ಹೊಡೆದ ಬೇಲಿ ಫ್ರಿಚ್ ಮೊದಲ ಸ್ಥಾನಕ್ಕೆ ಹಾರಿದ. ಆ ದಿನ ಪರ್ತ್‌ನಲ್ಲಿ 39 ಡಿಸ್ಪೋಸಲ್ ಮಾಡಿ ಪದಕ ಗೆದ್ದ ಕ್ರಿಶ್ಚಿಯನ್ ಪೆಟ್ರಾಕಾನನ್ನು ಹಿಂದೆ ಹಾಕುವ ಲೆಕ್ಕವನ್ನು ನಾನೇ ಒಪ್ಪಲಿಲ್ಲ. ಹೀಗೆ ಎರಡು ಚಳಿಗಾಲ ಕಳೆದವು.

ಆಮೇಲೆ ಹಿಡಿದದ್ದು ಸರಪಳಿಯ ದಾರಿ. ಗೋಲು ಬಿದ್ದರೆ ಚೆಂಡು ಅದಕ್ಕೆ ಮುಂಚೆ ಹಾದುಬಂದ ನಾಲ್ಕು ಕೈಗಳವರೆಗೂ ಹಿಂದಕ್ಕೆ ಹೋಗುತ್ತೇನೆ. ಅರ್ಧ ಅಂಕ ಒದ್ದವನಿಗೆ, ಉಳಿದರ್ಧ ಆ ನಾಲ್ವರಿಗೆ. ಚೆಂಡು ಎದುರಾಳಿಯಿಂದ ಕಿತ್ತುಕೊಂಡದ್ದಾದರೆ ಕಿತ್ತವನ ಪಾಲು ದೊಡ್ಡದು. ಎರಡು ತಂಡಗಳ ಅಂತರ 12 ಅಂಕದೊಳಗೆ, ಅಂದರೆ ಎರಡು ಗೋಲಿನೊಳಗೆ, ಇದ್ದರೆ ಎಲ್ಲವೂ ಇಮ್ಮಡಿ; ಅಂತರ ಹಿಗ್ಗಿದಷ್ಟೂ ತೂಕ ಕಡಿಮೆ. ಇಷ್ಟಾದರೂ 2022ರಲ್ಲಿ ಮುಗ್ಗರಿಸಿದೆ. ಜೀಲಾಂಗ್ 81 ಅಂಕದಿಂದ ಗೆದ್ದ ಆ ಪಂದ್ಯದಲ್ಲಿ ಅಂತರ ಬೇಗನೆ ಹಿಗ್ಗಿ, ಆಮೇಲೆ ನಡೆದದ್ದೆಲ್ಲ ನನ್ನ ಪುಸ್ತಕದಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಲಕೋಟೆಯಲ್ಲಿ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್, ವೇದಿಕೆಯಲ್ಲಿ ಐಸಾಕ್ ಸ್ಮಿತ್. ಸೋತ ಹಣ ಐವತ್ತು ಡಾಲರ್. ಮುಂದಿನ ಚಳಿಗಾಲ ಪೂರ್ತಿ ಕೂತು, ಅಂತರ ಎಷ್ಟೇ ಹಿಗ್ಗಲಿ ತೂಕ ಇದಕ್ಕಿಂತ ಇಳಿಯಬಾರದು ಅನ್ನುವ ಒಂದು ತಳ ಕಟ್ಟಿದೆ. ಬ್ರಿಸ್ಬೇನ್ 60 ಅಂಕದಿಂದ ಗೆದ್ದ 2024ರಲ್ಲಿ ಅದೇ ನನ್ನನ್ನು ಕಾಪಾಡಿತು. ಆ ತಳದ ಅಂಕಿ ಎಷ್ಟು, ರಕ್‌ಮನ್‌ಗಳಿಗೆ (ಮೇಲೆಸೆದ ಚೆಂಡಿಗೆ ಹಾರುವ ಎತ್ತರದ ಆಟಗಾರರು) ಅಂಕ ಹೇಗೆ ಕೊಡುತ್ತೇನೆ ಎಂಬ ಎರಡು ಸಂಗತಿಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಾಲ್ಕು ವರ್ಷ ತಿಂದ ಕೆಲಸ ಅದು.

ಖರ್ಚೂ ಆಯಿತು. ಪ್ರಸಾರದ ಚಂದಾ ತಿಂಗಳಿಗೆ ಮೂವತ್ತು ಡಾಲರಿನಷ್ಟಿತ್ತು, ಆಟವಿಲ್ಲದ ತಿಂಗಳಲ್ಲೂ ಕಟ್ಟಿದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ವಿಸಿಆರ್ 80 ಡಾಲರಿಗೆ ತಂದು, ರಿಪೇರಿಗೆ ಇನ್ನೊಂದು 60 ಕೊಟ್ಟೆ. 1989ರ ಪೂರ್ತಿ ಪಂದ್ಯ ಎಂದು 45 ಡಾಲರ್ ಕೊಟ್ಟು ತರಿಸಿದ ಟೇಪಿನಲ್ಲಿ ಇದ್ದದ್ದು ಗೋಲುಗಳ ತುಣುಕುಗಳು ಮಾತ್ರ. ಗ್ಯಾರಿ ಆ್ಯಬ್ಲೆಟ್‌ನ 9 ಗೋಲು ನೋಡಲು ಚೆಂದ, ಆದರೆ ಸರಪಳಿ ಬರೆಯಲು ಒಂದು ಕೊಂಡಿಯೂ ಸಿಗಲಿಲ್ಲ. ದುಡ್ಡು ವಾಪಸು ಬರಲಿಲ್ಲ. ಎಲ್ಲ ಸೇರಿ ಸಾವಿರದ ಇನ್ನೂರು, ಮುನ್ನೂರು ಡಾಲರ್ ಆಗಿರಬೇಕು.

ಒಂದು ಪಂದ್ಯಕ್ಕೆ ಮೊದಲೆಲ್ಲ ಹನ್ನೆರಡು ಗಂಟೆ ಹಿಡಿಯುತ್ತಿತ್ತು. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಜೆರ್ಸಿ ನಂಬರ್ ಕೂಗಲು ಶುರುಮಾಡಿದ ಮೇಲೆ ಅದು ಆರಕ್ಕೆ ಇಳಿಯಿತು, ನೇರ ಪ್ರಸಾರದಲ್ಲೂ ಬರೆಯುವಂತಾಯಿತು. 2016ರ ಕೊನೇ ಕ್ವಾರ್ಟರಿನ ಆ ಗಳಿಗೆ ನನಗೆ ಅವಳ ದನಿಯಲ್ಲೇ ನೆನಪಿದೆ: "ಇಪ್ಪತ್ಮೂರರ ಹತ್ರ ಬಾಲು... ಮೂವತ್ತೆಂಟು ಹಿಡ್ಕೊಂಡ... ಬಿತ್ತು... ಹದಿನೇಳು ಎತ್ಕೊಂಡ, ಒದ್ದ, ಪುಟೀತಾ ಇದೆ, ಪುಟೀತಾ ಇದೆ... ಹೋಯ್ತು!" ಇಪ್ಪತ್ಮೂರು ಸಿಡ್ನಿಯ ಲ್ಯಾನ್ಸ್ ಫ್ರ್ಯಾಂಕ್ಲಿನ್. ಮೂವತ್ತೆಂಟು ವೆಸ್ಟರ್ನ್ ಬುಲ್‌ಡಾಗ್ಸ್‌ನ ಡೇಲ್ ಮಾರಿಸ್. ಹದಿನೇಳು ಟಾಮ್ ಬಾಯ್ಡ್. 1954ರ ನಂತರ ಬುಲ್‌ಡಾಗ್ಸ್‌ಗೆ ಬಂದ ಮೊದಲ ಟ್ರೋಫಿ ಆ ಒದೆತದಿಂದ ಖಚಿತವಾಯಿತು. ಜನರ ನೆನಪಿನಲ್ಲಿ ಉಳಿದದ್ದು ಬಾಯ್ಡ್‌ನ ಒದೆತ. ನನ್ನ ಪುಟದಲ್ಲಿ ಮಾರಿಸ್‌ನ ಎದುರೂ ಅಷ್ಟೇ ಅಂಕ ಬಿತ್ತು. ಬೆನ್ನುಮೂಳೆ ಬಿರುಕುಬಿಟ್ಟಿದ್ದರೂ ಅವನು ಆಡಿದ್ದನೆಂದು ಆಮೇಲೆ ಗೊತ್ತಾದಾಗ ಆ ಪುಟ ಮತ್ತೆ ತೆರೆದು ನೋಡಿದೆ.

ಆ ಪಂದ್ಯದ ಪದಕ ಜೇಸನ್ ಜೊಹಾನಿಸನ್‌ಗೆ. ನನ್ನ ಲೆಕ್ಕದಲ್ಲಿ ಅವನು ಮೂರನೆಯವನು. ಎರಡನೆಯವನು ಬಾಯ್ಡ್. ಮೊದಲನೆಯವನು ಸೋತ ತಂಡದ ಜೋಶ್ ಕೆನಡಿ: 34 ಡಿಸ್ಪೋಸಲ್, 3 ಗೋಲು, ಅದರ ಬಹುಪಾಲು ಅಂತರ ಕೂದಲೆಳೆಯಷ್ಟಿದ್ದಾಗಲೇ. 1979ರಲ್ಲಿ ಪದಕ ಶುರುವಾದಂದಿನಿಂದ ಸೋತ ತಂಡದಲ್ಲಿದ್ದು ಅದನ್ನು ಪಡೆದವರು ನಾಲ್ಕೇ ಜನ: 1982ರಲ್ಲಿ ಮಾರಿಸ್ ರಿಯೋಲಿ, 1989ರಲ್ಲಿ ಆ್ಯಬ್ಲೆಟ್, 2002ರಲ್ಲಿ ನೇಥನ್ ಬಕ್ಲಿ, 2005ರಲ್ಲಿ ಕ್ರಿಸ್ ಜಡ್. ಕೆನಡಿ ಐದನೆಯವನಾಗಬೇಕಿತ್ತು. ಸುತ್ತಿ ಬಳಸದೆ ಹೇಳುತ್ತೇನೆ, ಅವನಿಗೆ ಅನ್ಯಾಯವಾಗಿದೆ.

ಡ್ಯಾರನ್ ಜಾರ್ಮನ್ ವಿಷಯದಲ್ಲಿ ಲೆಕ್ಕ ನನ್ನ ಮಾತನ್ನೇ ಸುಳ್ಳಾಗಿಸಿತು. 1997ರಲ್ಲಿ ಅಡಿಲೇಡ್ ಪರ 6 ಗೋಲು, ಅದರಲ್ಲಿ 5 ಕೊನೇ ಕ್ವಾರ್ಟರಿನಲ್ಲಿ. ಅವನಿಗೆ ಮೋಸವಾಯಿತೆಂದು ವರ್ಷಗಟ್ಟಲೆ ವಾದಿಸಿದವನು ನಾನು. ಬರೆದು ನೋಡಿದರೆ, ಅವನ ಒಂದೊಂದು ಗೋಲಿಗೂ ಅಂತರ ಬೆಳೆದು ಮುಂದಿನದರ ತೂಕ ಇಳಿಯುತ್ತ ಹೋಯಿತು. ಸೇಂಟ್ ಕಿಲ್ಡಾ ಮುಂದಿದ್ದ ಹೊತ್ತಿನಿಂದಲೂ ದುಡಿದು ಪದಕ ಪಡೆದ ಆ್ಯಂಡ್ರೂ ಮ್ಯಾಕ್ಲಿಯಡ್ ಮೇಲೆಯೇ ಉಳಿದ. ಎರಡು ಸಲ ಬರೆದರೂ ಅದೇ ಉತ್ತರ. 2018ರ ವೆಸ್ಟ್ ಕೋಸ್ಟ್‌ನ ಡಾಮ್ ಶೀಡ್‌ನ ಕಥೆಯೂ ಹೆಚ್ಚುಕಮ್ಮಿ ಹೀಗೆಯೇ. ಬೌಂಡರಿ ಗೆರೆಯ ಪಕ್ಕದಿಂದ ಅವನು ಹೊಡೆದ ಆ ಗೋಲಿನ ಹಿಂದೆ ಮೆಕ್‌ಗವರ್ನ್, ವಾರ್ಡಿ, ರಯಾನ್ ಮೂವರ ಮಾರ್ಕ್‌ಗಳಿವೆ (ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುನ್ನ ಹಿಡಿಯುವುದು). ಪಾಲು ಹಂಚಿದ ಮೇಲೆ ಪದಕ ಗೆದ್ದ ಲೂಕ್ ಶೂಯಿ ತುಸು ಮುಂದೆಯೇ ನಿಂತ.

ನಡುವೆ ಒಂದು ಪ್ರಯೋಗ ಮಾಡಿದೆ. 2017ರ ಪಂದ್ಯವನ್ನು ಒಮ್ಮೆ ಕಾಮೆಂಟರಿ ಕೇಳುತ್ತ, ತಿಂಗಳು ಬಿಟ್ಟು ದನಿ ಬಂದ್ ಮಾಡಿ ಬರೆದೆ. ಕಾಮೆಂಟರಿ ಇದ್ದಾಗ ಪದಕ ಗೆದ್ದ ಡಸ್ಟಿನ್ ಮಾರ್ಟಿನ್‌ಗೆ ಹದಿನೈದು ಅಂಕದಷ್ಟು ಹೆಚ್ಚಿಗೆ ಕೊಟ್ಟಿದ್ದೆ. ದನಿ ಇಲ್ಲದಾಗ ಹಿಂದಿನ ಸಾಲಿನ ಬಚಾರ್ ಹೌಲಿ ಅವನ ಬೆನ್ನಿಗೇ ಬಂದ. ಅಂದಿನಿಂದ ಟಿವಿಗೆ ದನಿ ಇಲ್ಲ.

ಪದಕವಿಲ್ಲದ ಕಾಲಕ್ಕೂ ಕೈ ಹಾಕಿದೆ. 1970ರ ಕಪ್ಪುಬಿಳುಪು ಚಿತ್ರದಲ್ಲಿ ಅರ್ಧ ನಂಬರುಗಳು ಕಾಣುವುದಿಲ್ಲ, ಹಾಗಾಗಿ ಆ ಪುಟ ಅರೆಬರೆ. ಆದರೂ 44 ಅಂಕ ಹಿಂದಿದ್ದ ಕಾರ್ಲ್‌ಟನ್‌ಗೆ ಅರ್ಧ ಆಟದ ನಂತರ ಇಳಿದು 4 ಗೋಲು ಕೊಟ್ಟ ಟೆಡ್ ಹಾಪ್‌ಕಿನ್ಸ್ ಮೇಲೆ ಬಂದ. ಇಂದು ಈ ಆಟದ ಅಂಕಿಅಂಶವೆಲ್ಲ ಬರುವ ಚಾಂಪಿಯನ್ ಡೇಟಾ ಸಂಸ್ಥೆಯನ್ನು ಮುಂದೆ ಕಟ್ಟಿದವರಲ್ಲಿ ಆ ಹಾಪ್‌ಕಿನ್ಸ್ ಕೂಡ ಒಬ್ಬ. ಅವನ ಹೆಸರು ಬರೆಯುವಾಗ ಗುರುಗಳ ಹೆಸರು ಬರೆದಷ್ಟೇ ಖುಷಿಯಾಯಿತು.

ಈಗ ಮೇಜಿನ ಮೇಲಿರುವುದು 2010ರ ಮೊದಲ ಫೈನಲ್, 68-68ರಲ್ಲಿ ಡ್ರಾ ಆಗಿ ಮತ್ತೊಮ್ಮೆ ಆಡಬೇಕಾದದ್ದು. ಪದಕ ಸೇಂಟ್ ಕಿಲ್ಡಾದ ಲೆನ್ನಿ ಹೇಯ್ಸ್‌ಗೆ. ಗುಂಪಿನ ಮೇಲೆ ಹಾರಿ ಮಾರ್ಕ್ ಹಿಡಿದು ತಂಡವನ್ನು ಮುಂದೆ ತಂದ ಬ್ರೆಂಡನ್ ಗೊಡಾರ್ಡ್ ಅದೇ ತಂಡದವನು. ಮೂರು ಕ್ವಾರ್ಟರ್ ಬರೆದಾಗಿದೆ, ಹೇಯ್ಸ್ ಆರು ಅಂಕ ಮುಂದಿದ್ದಾನೆ. ಆ ಮಾರ್ಕ್ ಇರುವ ಕೊನೇ ಕ್ವಾರ್ಟರನ್ನು ಈ ಶನಿವಾರ ಇಬ್ಬರೂ ಕೂತು ಬರೆಯುತ್ತೇವೆ.