ಬಾಲ ಅಲ್ಲಾಡಿಸುತ್ತಿದ್ದ ಟ್ರೈಲರ್ ನೆಟ್ಟಗಾದ ಕಥೆ

"ಟ್ರಕ್ ಬದಲಾಯಿಸಿ ಭಾವ, ಸುಮ್ನೆ ಹಿಚ್ ಮೇಲೆ ದುಡ್ಡು ಸುರೀಬೇಡಿ." ನನ್ನ ಹೆಂಡತಿಯ ತಮ್ಮ ಎರಡು ವರ್ಷ ಇದೇ ಮಾತು ಹೇಳಿದ. ಅವನಿರುವುದು ಟೆಕ್ಸಸ್‌ನಲ್ಲಿ. ಹಿಚ್ ಅಂದರೆ ಟ್ರಕ್ಕಿಗೂ ಟ್ರೈಲರಿಗೂ ನಡುವಿನ ಕೊಂಡಿ. ಅವನು ಮುಕ್ಕಾಲು ಟನ್ ಡೀಸೆಲ್ ಟ್ರಕ್ ಇಟ್ಟುಕೊಂಡಿದ್ದಾನೆ, ಹಾಗಾಗಿ ಎಲ್ಲ ಕಾಯಿಲೆಗೂ ಅವನ ಹತ್ತಿರ ಅದೊಂದೇ ಮದ್ದು. ನನ್ನದು ಅದಕ್ಕಿಂತ ಒಂದು ವರ್ಗ ಕೆಳಗಿನ ಅರ್ಧ ಟನ್ ಪಿಕಪ್. ಹಿಂದೆ 25 ಅಡಿಯ ಕ್ಯಾಂಪಿಂಗ್ ಟ್ರೈಲರ್, ಸಾಮಾನು ತುಂಬಿದ ಮೇಲೆ 6,400 ಪೌಂಡ್ ಆಸುಪಾಸು.

ಹೋದ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಟ್ರೇಸಿ ಊರಿನ ನಮ್ಮ ಮನೆಯಿಂದ ಹೊರಟು, ಟೆಹಾಚಪಿ ಘಟ್ಟ ಹತ್ತಿ ಇಳಿದು, ಮೊಹಾವಿ ಮರುಭೂಮಿಯ ಗಾಳಿ ದಾಟಿ, 395 ಹೆದ್ದಾರಿಯಲ್ಲಿ ಲೋನ್ ಪೈನ್ ಊರಿನವರೆಗೆ ಇದೇ ಟ್ರಕ್ಕಿನಲ್ಲಿ ಎಳೆದುಕೊಂಡು ಹೋಗಿ ಬಂದೆ. ಹೋಗಿ ಬರೋದು 800 ಮೈಲಿ ಹತ್ತಿರ. ಒಂದು ಸಲವೂ ಟ್ರೈಲರ್ ಬಾಲ ಅಲ್ಲಾಡಿಸಲಿಲ್ಲ. ಇದನ್ನು ಬರೆಯುವುದಕ್ಕೆ ಅಷ್ಟು ಕಾರಣ ಸಾಕು ಅಲ್ವಾ?

ಮೊದಲು ಕೆಟ್ಟ ದಿನದ್ದು ಹೇಳಿಬಿಡುತ್ತೇನೆ. ಆಗ ನನ್ನ ಹತ್ತಿರ ಇದ್ದದ್ದು ಮಾಮೂಲಿ ಬಾಲ್ ಮೌಂಟ್ (ಟ್ರೈಲರ್ ಕೂರುವ ಗುಂಡು), ಪಕ್ಕಕ್ಕೊಂದು ಫ್ರಿಕ್ಷನ್ ಬಾರ್ (ತಿಕ್ಕಾಟದಿಂದ ತೂಗಾಟ ತಡೆಯುವ ಸಲಾಕೆ). ಬಾರ್‌ಗೆ ಕೊಟ್ಟಿದ್ದು 70 ಡಾಲರ್ ಇರಬೇಕು. 580 ಹೆದ್ದಾರಿಯಲ್ಲಿ ಆಲ್ಟಮಾಂಟ್ ಪಾಸ್ ಅನ್ನುವ ಘಟ್ಟ ಇಳೀತಿದ್ದೆ, ಸಂಜೆ ಹೊತ್ತು, ಹಿಂದಿನಿಂದ ಗಾಳಿ. ಆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಎಡಗಡೆಯಿಂದ ಒಂದು ದೊಡ್ಡ ಸೆಮಿ ಟ್ರಕ್ ದಾಟಿತು. ಮೊದಲು ಟ್ರೈಲರನ್ನು ಆಚೆ ತಳ್ಳಿತು, ಮುಂದೆ ಹೋಗುತ್ತಿದ್ದಂತೆ ತನ್ನ ಕಡೆ ಎಳೆಯಿತು. ಆಮೇಲೆ ಶುರುವಾಯಿತು ನೋಡಿ. ಕನ್ನಡಿಯಲ್ಲಿ ಟ್ರೈಲರ್ ಎಡಕ್ಕೆ ಕಾಣುತ್ತೆ, ಮರೆಯಾಗುತ್ತೆ, ಬಲಕ್ಕೆ ಕಾಣುತ್ತೆ. ಪ್ರತಿ ಸಲ ಸ್ವಲ್ಪ ಜಾಸ್ತಿ. ಕೈ ತಾನಾಗಿ ಬ್ರೇಕ್ ಕಂಟ್ರೋಲರ್ ಮೇಲೆ ಹೋಯಿತು. ಲಿವರ್ ಒತ್ತಿ ಹಿಡಿದು ಟ್ರೈಲರಿನ ಬ್ರೇಕ್ ಮಾತ್ರ ಹಾಕಿದೆ, ಆಕ್ಸಿಲರೇಟರ್ ಬಿಟ್ಟೆ. ನಾಲ್ಕು ತೂಗಾಟಕ್ಕೆ ನಿಂತಿತು. ಕಾಲು ಬ್ರೇಕಿಗೆ ಹೋಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲವೇನೋ. ಹೆಂಡತಿ ಮನೆ ಮುಟ್ಟುವವರೆಗೆ ಮಾತಾಡಲಿಲ್ಲ. ಮಗಳು ಮಾತ್ರ "ಅಪ್ಪಾ, ಇನ್ನೊಂದ್ಸಲ" ಅಂದಳು.

ಆ ಫ್ರಿಕ್ಷನ್ ಬಾರ್ ಹೆಚ್ಚು ದಿನ ಬಾಳಲೂ ಇಲ್ಲ. ಒಂದು ದಿನ ಸ್ಟೋರೇಜ್ ಯಾರ್ಡಿನಲ್ಲಿ ಅದನ್ನು ಸಡಿಲ ಮಾಡುವುದು ಮರೆತು ರಿವರ್ಸ್ ತೆಗೆದೆ. ಬಾಳೆ ದಿಂಡಿನ ಹಾಗೆ ಬಾಗಿ ಹೋಯಿತು.

ಆಮೇಲೆ ತೆಗೆದುಕೊಂಡಿದ್ದು ಈಕ್ವಲೈಸರ್, ಟ್ರೈಲರಿನ ಮೂತಿಯ ಭಾರವನ್ನು ಎರಡು ಬಾರ್‌ಗಳ ಬಲದಿಂದ ಟ್ರಕ್ಕಿನ ಮುಂದಿನ ಚಕ್ರಕ್ಕೂ ಹಂಚುವ ಹಿಚ್. 1,000 ಪೌಂಡ್ ಟಂಗ್ ವೆಯ್ಟಿನದು, ಅಂದರೆ ಮೂತಿ ಅಷ್ಟು ಭಾರ ಒತ್ತಿದರೂ ತಡೆಯುವಂಥದ್ದು. ಹಿಚ್‌ಗೆ 750 ಡಾಲರ್ ಚಿಲ್ಲರೆ. ಹೆನ್ಸ್ಲಿ, ಪ್ರೊಪ್ರೈಡ್ ಥರದವು ಎಲ್ಲಕ್ಕಿಂತ ಚೆನ್ನಾಗಿವೆ ಅಂತ ಗೊತ್ತು, ಆದರೆ 3,000 ಡಾಲರ್ ಹಿಚ್‌ಗೆ ಹಾಕಿದರೆ ಮನೆಯಲ್ಲಿ ನಾನೇ ಟ್ರೈಲರಿನಲ್ಲಿ ಮಲಗಬೇಕಾಗುತ್ತಿತ್ತು. ಕೂರಿಸಿಕೊಡಲು ಒಬ್ಬ ಡೀಲರ್ ಹತ್ತಿರ ಕೊಟ್ಟೆ, ಕೂಲಿ 300 ಡಾಲರ್. ಒಂದು ಗಂಟೆಯಲ್ಲಿ ಮುಗಿಸಿ "ಆಲ್ ಸೆಟ್" ಅಂದ. ಟ್ರಕ್ಕಿನ ಫೆಂಡರ್ (ಚಕ್ರದ ಮೇಲಿನ ಕಮಾನು) ಎತ್ತರ ಅಳೆದಿರಲಿಲ್ಲ. ನಾನು ಏನೇನು ತುಂಬುತ್ತೇನೆ ಅಂತ ಕೇಳಲೂ ಇಲ್ಲ. ನಾನೂ ದುಡ್ಡು ಕೊಟ್ಟು ಬಂದೆ, ನನ್ನದೂ ತಪ್ಪಿದೆ.

ಹೊಸ ಹಿಚ್ ಹಾಕಿದ ಮೇಲೂ ವೇಗ 60 ಮೈಲಿ ದಾಟಿದರೆ ಬಾಲ ಅಲ್ಲಾಡುತ್ತಿತ್ತು. ಮೊದಲಿನಷ್ಟು ಇಲ್ಲ, ಆದರೆ ಇತ್ತು. ಸ್ಟೀರಿಂಗ್ ಹಗುರ, ಮುಂದಿನ ಚಕ್ರ ರಸ್ತೆ ಮೇಲೆ ಇದೆಯೋ ಇಲ್ಲವೋ ಅನ್ನುವ ಹಾಗೆ. ಭಾವಮೈದನಿಗೆ ಹೇಳಿದೆ. ಉತ್ತರ ನಿಮಗೆ ಗೊತ್ತೇ ಇದೆ.

ಇಷ್ಟರಲ್ಲಿ ಒಂದು ಭಾನುವಾರ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅವರು ಮದ್ದೂರಿನ ಹತ್ತಿರದ ನಮ್ಮೂರಲ್ಲೇ ಇದ್ದಾರೆ. ಇಪ್ಪತ್ತು ವರ್ಷ ಕಬ್ಬು ತುಂಬಿದ ಎತ್ತಿನ ಗಾಡಿ ಹೊಡೆದವರು. ಟ್ರೈಲರ್ ಬಾಲ ಅಲ್ಲಾಡಿಸುತ್ತೆ ಅಂದೆ. "ಹಿಂಭಾರ ಆಗಿದೆಯೇನೋ ಮಗಾ?" ಅಂದರು. ನಾನು ಸುಮ್ಮನಾದೆ. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತೆ, ನೊಗ ಎತ್ತಿನ ಕತ್ತು ಹಿಸುಕುತ್ತೆ. ಮುಂಭಾರ ಜಾಸ್ತಿಯಾದರೆ ಕತ್ತಿನ ಮೇಲೆ ಹೊರೆ. ಅಳತೆ ನೋಡಿ ತುಂಬಬೇಕು. ಇಲ್ಲಿಯವರು ಟಂಗ್ ವೆಯ್ಟ್ ಅನ್ನುವುದು ಇದೇ ಮುಂಭಾರಕ್ಕೆ. ನೂರು ಸಲ ಓದಿದ್ದೆ, ಟ್ರೈಲರ್ ತೂಕದ 10ರಿಂದ 15 ಪರ್ಸೆಂಟ್ ಇರಬೇಕು ಅಂತ. ಆದರೆ ನನ್ನ ಟ್ರೈಲರಿನ ಮುಂಭಾರ ಎಷ್ಟು ಅಂತ ಒಂದು ಸಲವೂ ತೂಗಿರಲಿಲ್ಲ. (ಅಪ್ಪನ ಎರಡನೇ ಸಲಹೆ, ಹಿಂದೆ ಹಗ್ಗ ಕಟ್ಟಿ ಒಬ್ಬ ಆಳನ್ನು ಹಿಡಿದುಕೊಳ್ಳಲು ಹೇಳು ಅಂತ. ಅದನ್ನು ಬಿಟ್ಟೆ.)

ಮನೆಯ ಬಾತ್‌ರೂಮ್ ತಕ್ಕಡಿ ತಂದು ಟಂಗ್ ಜ್ಯಾಕ್ (ಟ್ರೈಲರಿನ ಮೂತಿ ಎತ್ತಿ ಇಳಿಸುವ ಜ್ಯಾಕ್) ನೇರವಾಗಿ ಅದರ ಮೇಲೆ ಇಳಿಸಿದೆ. ಟಪ್ ಅಂತ ಗಾಜು ಸೀಳಿತು. 25 ಡಾಲರ್ ಹೋಯಿತು. ಎರಡನೇ ತಕ್ಕಡಿಗೆ ಬುದ್ಧಿ ಬಂದಿತ್ತು. ನಾಲ್ಕಿಂಚಿನ ಮರದ ದಿಮ್ಮಿ, ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ. ಜ್ಯಾಕ್ ಇಟ್ಟಿಗೆಯಿಂದ ಒಂದು ಅಡಿ, ತಕ್ಕಡಿಯಿಂದ ಎರಡು ಅಡಿ. ತಕ್ಕಡಿ ತೋರಿಸಿದ್ದಕ್ಕೆ ಮೂರರಿಂದ ಗುಣಿಸಿದರೆ ಆಯಿತು. 187 ತೋರಿಸಿತು, ಅಂದರೆ 560. ಟ್ರೈಲರ್ ತೂಕಕ್ಕೆ 9 ಪರ್ಸೆಂಟ್ ಕೂಡ ಸರಿಯಾಗಿ ಇಲ್ಲ! ಕಾರಣ ಹಿಂದೆ ನೇತಾಡುತ್ತಿತ್ತು: ಎರಡು ಎಲೆಕ್ಟ್ರಿಕ್ ಸೈಕಲ್, ಅವುಗಳ ಕಬ್ಬಿಣದ ರ‍್ಯಾಕ್. ಎಲ್ಲ ಸೇರಿ 200 ಪೌಂಡ್ ಹತ್ತಿರ, ಅದೂ ಟ್ರೈಲರಿನ ಕೊನೆ ತುದಿಯಲ್ಲಿ. ಅಷ್ಟು ದೂರದಲ್ಲಿರುವ 200 ಪೌಂಡ್ ಮುಂದೆ 160 ಪೌಂಡ್ ಎತ್ತಿಬಿಡುತ್ತೆ.

ಸೈಕಲ್‌ಗಳನ್ನು ಟ್ರಕ್ಕಿನ ಬೆಡ್‌ಗೆ ಹಾಕಿದೆ. ರ‍್ಯಾಕ್ ಮಾರಿದೆ, ಅರ್ಧ ಬೆಲೆಗೆ. ಡಬ್ಬಿ ಸಾಮಾನು, ಅಕ್ಕಿ, ಚೇರುಗಳನ್ನು ಮುಂದಿನ ಖಾನೆಗೆ ತಂದೆ. ಮತ್ತೆ ತೂಗಿದರೆ 780. ಅರ್ಧ ಟನ್ ಟ್ರಕ್ಕಿಗೆ ಇದು ಕಡಿಮೆಯೇನಲ್ಲ. ಬಾಗಿಲಿನ ಹಳದಿ ಚೀಟಿಯಲ್ಲಿ ನನ್ನ ಪೇಲೋಡ್, ಅಂದರೆ ಟ್ರಕ್ ಹೊರಬಲ್ಲ ಭಾರ, 1,580 ಪೌಂಡ್. ನಾಲ್ಕು ಜನ, ಸೈಕಲ್ಲು ಸೇರಿ 560 ಅಂತ ಇಟ್ಟುಕೊಳ್ಳಿ, ಹಿಚ್ಚೇ 95. ಉಳಿಯುವುದು ಬೆರಳೆಣಿಕೆ. ಭಾವಮೈದನ ಮಾತಿನಲ್ಲಿ ಸತ್ಯ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ, ಟ್ರಕ್ ಬದಲಾಯಿಸುವ 25,000 ಡಾಲರ್‌ನಷ್ಟು ಸತ್ಯ ಇಲ್ಲ ಅಂತ ಅಷ್ಟೇ.

ಈಗ ಹಿಚ್ ಸರದಿ. ಡೀಲರ್ ಕೂರಿಸಿದ್ದನ್ನು ಪೂರ್ತಿ ಬಿಚ್ಚಿದೆ. ಟ್ರಕ್ ಒಂದೇ ಇದ್ದಾಗ ಮುಂದಿನ ಫೆಂಡರ್ ನೆಲದಿಂದ 38 ಇಂಚು. ಬಾರ್ ಇಲ್ಲದೆ ಟ್ರೈಲರ್ ಕೂರಿಸಿದರೆ 39 ಕಾಲು. ಡೀಲರ್ ಸೆಟ್ಟಿಂಗ್‌ನಲ್ಲಿ 39. ಅಂದರೆ ಬಾರ್‌ಗಳು ಹೆಸರಿಗೆ ಮಾತ್ರ ಕೆಲಸ ಮಾಡುತ್ತಿದ್ದವು. ಹಿಚ್ಚಿನ ಹೆಡ್ ಒಳಗಿನ ಪಿನ್ ಮೇಲೆ ವಾಷರ್ ಹೆಚ್ಚಿದಷ್ಟೂ ಹೆಡ್ ವಾಲಿ ಬಾರ್ ಬಿಗಿಯಾಗುತ್ತೆ. ಆ ಪಿನ್ ತೆಗೆದು ನೋಡಿದರೆ ಎರಡೇ ವಾಷರ್. ಉಳಿದವು? ಟೂಲ್ ಬಾಕ್ಸಿನ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬೆಚ್ಚಗೆ ಕೂತಿದ್ದವು.

ಹುಮ್ಮಸ್ಸಿನಲ್ಲಿ ಏಳು ಹಾಕಿದೆ. ಬಾರ್‌ನ ತುದಿಯನ್ನು ಟ್ರೈಲರ್ ಚೌಕಟ್ಟಿನ ಎಲ್ ಬ್ರಾಕೆಟ್ ಮೇಲೆ ಏರಿಸಲು ಜ್ಯಾಕ್ ಎಷ್ಟು ಎತ್ತಿದರೂ ಸಾಲದು. ಹಾಗೂ ಹೀಗೂ ಏರಿಸಿದೆ. ಮುಂದಿನ ಫೆಂಡರ್ 37 ಮುಕ್ಕಾಲಿಗೆ ಕೂತುಬಿಟ್ಟಿತು, ಅಂದರೆ ಖಾಲಿ ಟ್ರಕ್ಕಿಗಿಂತ ಕೆಳಗೆ. ಹಿಂದಿನ ಚಕ್ರ ಹಗುರ. ಬೀದಿ ತಿರುವಿನಲ್ಲಿ ಹಿಂಭಾಗ ಜಾರಿದ ಹಾಗೆ ಅನ್ನಿಸಿತು, ಅಲ್ಲೇ ವಾಪಸ್ ಬಂದೆ. ಜಾಸ್ತಿ ಮಾಡುವುದು ಕಡಿಮೆ ಮಾಡುವುದಕ್ಕಿಂತ ಅಪಾಯ, ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಆರು ಹಾಕಿದೆ. ಆಮೇಲೆ ಐದು. ಐದಕ್ಕೆ ಫೆಂಡರ್ 38 ಕಾಲು. ಜ್ಯಾಕಿನಲ್ಲಿ ಟ್ರಕ್ಕಿನ ಹಿಂಭಾಗ ಸಮೇತ ಎತ್ತಿದರೆ ಬಾರ್ ಕೈಯಲ್ಲೇ ಒಳಗೆ ತಿರುಗಿ ಕೂರುತ್ತೆ. ಲಿವರ್ ಹಾಕಿ ಮೀಟಬೇಕಾಗಿ ಬಂದರೆ ಜ್ಯಾಕ್ ಇನ್ನೂ ಎತ್ತಿ, ಬೆರಳು ಮುಖ್ಯ.

ಒಂದೊಂದು ಸಲ ವಾಷರ್ ಬದಲಾಯಿಸುವುದು ಅಂದರೆ ಹೆಡ್ಡನ್ನು ಟ್ರಕ್ಕಿಗೆ ಸೇರಿಸುವ ಶಾಂಕ್‌ನ ಬೋಲ್ಟ್ ಬಿಚ್ಚಿ ಮತ್ತೆ ಬಿಗಿ ಮಾಡಬೇಕು, ಟಾರ್ಕ್ 300 ಫುಟ್-ಪೌಂಡ್ ಮೇಲೆ. ನನ್ನ ಹಳೇ ಟಾರ್ಕ್ ರೆಂಚ್ 150ಕ್ಕೇ ಸುಸ್ತು. ಮುಕ್ಕಾಲಿಂಚು ಡ್ರೈವಿನ ಉದ್ದ ರೆಂಚ್ ತಂದೆ, 130 ಡಾಲರ್. ನಾನು 68 ಕೆಜಿ ಆಳು. ರೆಂಚ್ ತುದಿಗೆ ಅಕ್ಷರಶಃ ನೇತು ಬಿದ್ದು ಬಿಗಿ ಮಾಡಿದ್ದೇನೆ. ಎದುರು ಮನೆಯವರು ಬೆಳಿಗ್ಗೆ ಆರಕ್ಕೆ ಕಾಫಿ ಹಿಡಿದು ನಿಂತು ನೋಡುತ್ತಿದ್ದರು, ಏನೂ ಕೇಳಲಿಲ್ಲ.

ಫೆಂಡರ್ ಅಳತೆ ಸಾಲದು, ತೂಕ ಬೇಕು. ಐ-5 ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್‌ಗೆ, ಅಂದರೆ ಲಾರಿ ತೂಗುವ ತಕ್ಕಡಿಗೆ ಹೋದೆವು, ಮನೆಮಂದಿ ಸಮೇತ. ಮೊದಲ ತೂಕಕ್ಕೆ 15 ಡಾಲರ್ ಹತ್ತಿರ, ಅದೇ ದಿನ ಮತ್ತೆ ತೂಗಿದರೆ ಬಹಳ ಕಡಿಮೆ. ನೆನಪಿನಿಂದ ಹೇಳುತ್ತೇನೆ. ಟ್ರಕ್ ಒಂದೇ: ಮುಂದಿನ ಚಕ್ರಗಳ ಮೇಲೆ 3,260 ಪೌಂಡ್, ಹಿಂದಿನವುಗಳ ಮೇಲೆ 2,740. ಟ್ರೈಲರ್ ಸೇರಿಸಿ ಬಾರ್ ಇಲ್ಲದೆ: ಮುಂದೆ 2,880, ಹಿಂದೆ 4,000. ನನ್ನ ಹಿಂದಿನ ಆಕ್ಸಲ್ ಮಿತಿ 3,800, ಅಂದರೆ ಮೀರಿದೆ. ಬಾರ್ ಹಾಕಿ, ಐದು ವಾಷರ್: ಮುಂದೆ 3,160, ಹಿಂದೆ 3,560, ಉಳಿದದ್ದು ಟ್ರೈಲರ್ ಚಕ್ರಗಳಿಗೆ ಹೋಗಿದೆ. ಈ ಮೂರನೇ ಚೀಟಿಯನ್ನು ಫೋಟೋ ತೆಗೆದು ಟೆಕ್ಸಸ್‌ಗೆ ಕಳಿಸಿದೆ. ಎರಡು ದಿನ ಉತ್ತರ ಇಲ್ಲ.

ನಡುವೆ ಸುಮಾರು ಆಟ ಆಡಿದ್ದೇನೆ. ನೀರಿನ ಟ್ಯಾಂಕ್ ನನ್ನ ಟ್ರೈಲರಿನಲ್ಲಿ ಆಕ್ಸಲ್‌ಗಿಂತ ಹಿಂದಿದೆ, 40 ಗ್ಯಾಲನ್. ತುಂಬಿಸಿದರೆ 330 ಪೌಂಡ್, ಮುಂಭಾರ 60 ಇಳಿಯಿತು. ಅರ್ಧ ತುಂಬಿಸಿ ಓಡಿಸಿದ್ದು ಇನ್ನೂ ಕೆಟ್ಟದು, ನೀರು ಆಚೀಚೆ ಹೊಡೆಯುತ್ತೆ. ಈಗ ಖಾಲಿ ಟ್ಯಾಂಕ್ ಒಯ್ದು ಕ್ಯಾಂಪ್‌ಗ್ರೌಂಡ್ ಹತ್ತಿರ ತುಂಬಿಸುತ್ತೇನೆ. ಟ್ರಕ್ಕಿನ ಟೈರ್ ಮೆತ್ತಗಿದ್ದವು, ಎಲ್‌ಟಿ ಅನ್ನುವ ಗಟ್ಟಿ ಟೈರ್ ಹಾಕಿಸಿದೆ, 1,100 ಡಾಲರ್. ಪೇಲೋಡ್ ಇದರಿಂದ ಒಂದು ಪೌಂಡೂ ಹೆಚ್ಚುವುದಿಲ್ಲ, ಆದರೆ ಟ್ರಕ್ಕಿನ ಕುಂಡಿ ಕುಣಿಯುವುದು ನಿಂತಿತು. ಮೊದಲೇ ಹಾಕಿಸಬೇಕಿತ್ತು.

ಇನ್ನು ಸದ್ದು. ಈ ಹಿಚ್ ತಿರುವಿನಲ್ಲಿ ಹಳೇ ಮನೆಯ ಬಾಗಿಲಿನ ಹಾಗೆ ಕಿರ್ ಅನ್ನುತ್ತೆ ಅಂತ ಎಲ್ಲರೂ ಗೊಣಗುತ್ತಾರೆ. ಎಲ್ ಬ್ರಾಕೆಟ್ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಇಪ್ಪತ್ತು ಮೈಲಿ ಸದ್ದಿಲ್ಲ. ಆಮೇಲೆ ಧೂಳು ಹಿಡಿದು ಗಂಧ ತೇಯ್ದ ಹಾಗಾಯಿತು. ಅದಕ್ಕಿಂತ ಮುಖ್ಯ, ಟ್ರೈಲರನ್ನು ಹಿಡಿದಿಡುವುದರಲ್ಲಿ ಅಲ್ಲಿನ ತಿಕ್ಕಾಟದ್ದೂ ಪಾಲಿದೆ. ಎಣ್ಣೆ ಹಾಕಿದರೆ ಆ ಹಿಡಿತ ಸಡಿಲವಾಗುತ್ತೇನೋ ಅನ್ನುವ ಭಯ. ಒರೆಸಿ ಹಾಕಿದೆ. ಈಗ ನನ್ನ ಹಿಚ್ ಕಿರ್ ಅನ್ನುವುದಿಲ್ಲ, ಹಿಡಿತವೂ ಹೋಗಿಲ್ಲ. ಹೇಗೆ ಅಂತ ಹೇಳುವುದಿಲ್ಲ. ಎಂಟು ಡಾಲರ್ ವಸ್ತು, ಮನೆಯಲ್ಲೇ ಇರುತ್ತೆ, ಹುಡುಕಿಕೊಳ್ಳಿ.

ಲೋನ್ ಪೈನ್ ದಾರಿಯಲ್ಲಿ ನಿಜವಾದ ಪರೀಕ್ಷೆ ಮೊಹಾವಿ ಊರು ದಾಟಿದ ಮೇಲೆ, 14ನೇ ಹೆದ್ದಾರಿಯಲ್ಲಿ. ಪಕ್ಕದಿಂದ ಗಾಳಿ, ಮುಳ್ಳು ಪೊದೆಗಳು ರಸ್ತೆಗೆ ಅಡ್ಡ ಉರುಳುತ್ತಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ವೇಗದ ಮಿತಿ ಗಂಟೆಗೆ 55 ಮೈಲಿ. ನಾನು 55ರಲ್ಲೇ ಇದ್ದೆ, ಆ ದಿನ ಇನ್ನೂ ಕಡಿಮೆ. ಟ್ರಕ್ ಮತ್ತು ಟ್ರೈಲರ್ ಎರಡೂ ಸೇರಿ ಒಂದೇ ತುಂಡಿನ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದವು, ಸ್ಟೀರಿಂಗ್ ಸ್ವಲ್ಪ ತಿದ್ದಿದರೆ ವಾಪಸ್. ಸೆಮಿಗಳು ದಾಟಿದವು, ಆರೋ ಏಳೋ. ತಳ್ಳಿದವು, ಎಳೆದವು, ಅಷ್ಟಕ್ಕೇ ಮುಗಿಯಿತು. ಕನ್ನಡಿಯಲ್ಲಿ ಟ್ರೈಲರ್ ಇದ್ದಲ್ಲೇ ಇತ್ತು. ರೆಡ್ ರಾಕ್ ಕ್ಯಾನ್ಯನ್ ಹತ್ತಿರ ಪಕ್ಕಕ್ಕೆ ತಿರುಗಿ ನೋಡಿದರೆ ಹೆಂಡತಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾಳೆ, ಮಡಿಲಲ್ಲಿ ಕೋಡುಬಳೆ ಡಬ್ಬಿ. ಆಲ್ಟಮಾಂಟ್ ಆದ ಮೇಲೆ ಅವಳು ಟ್ರೈಲರ್ ಹಿಂದಿರುವಾಗ ಕಣ್ಣು ಮುಚ್ಚಿದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ಭಾವಮೈದ ಬಂದಿದ್ದ. ಅವನ ಕೈಗೇ ಕೀ ಕೊಟ್ಟೆ. ಆಲ್ಟಮಾಂಟ್ ಹತ್ತಿಸಿ ಇಳಿಸಿ ಬಂದ. ಏನೂ ಹೇಳಲಿಲ್ಲ. ಇಳಿದವನೇ ಹಿಂದೆ ಹೋಗಿ ಬಗ್ಗಿ ಕೂತ, ಮೊಬೈಲ್ ಟಾರ್ಚ್ ಹಾಕಿ ವಾಷರ್ ಎಣಿಸಿದ. "ಐದಾ ಭಾವ?" ಅಂದ. ನಿನ್ನ ಟ್ರಕ್ಕಿಗೆ ಐದೇ ಆಗಬೇಕು ಅಂತಿಲ್ಲ, ತೂಗಿ ನೋಡು ಅಂದೆ. "ಮತ್ತೆ ಸದ್ದು ಯಾಕೆ ಬರ್ತಿಲ್ಲ?" ಅಂದ. ಊಟಕ್ಕೆ ಹೊತ್ತಾಯಿತು ಬಾ ಅಂತ ಒಳಗೆ ಕರೆದುಕೊಂಡು ಹೋದೆ.

ಮುಂದಿನ ತಿಂಗಳು ಮತ್ತೆ ಹೊರಡುವುದಿದೆ. ಈ ಸಲ ದೋಸೆಗೆ ಅಂತ ಹೆಂಡತಿ ವೆಟ್ ಗ್ರೈಂಡರ್ ತಂದು ಹಿಂದಿನ ಖಾನೆಯಲ್ಲಿ ಇಟ್ಟಿದ್ದಾಳೆ, 25 ಪೌಂಡ್ ಕಲ್ಲು. ಅವಳು ಮಲಗಿದ ಮೇಲೆ ಮುಂದಕ್ಕೆ ಸಾಗಿಸಿದೆ.