ಮಾವನ ನರ್ಸರಿ ಪೇಜಿನಲ್ಲಿ ಕನ್ನಡ ಕಾಣದೇ ಹೋದಾಗ

ಶಿರಸಿ ಹತ್ತಿರ ನನ್ನ ಮಾವನ ನರ್ಸರಿ ಇದೆ. ಅಪ್ಪೆಮಿಡಿ ಕಸಿ ಗಿಡ, ಕಾಳುಮೆಣಸಿನ ಬಳ್ಳಿ, ಜಾಯಿಕಾಯಿ ಸಸಿ ಮಾರುತ್ತಾರೆ. ಫೋನಿನಲ್ಲಿ ಅದೇ ರೇಟು ಹೇಳಿ ಹೇಳಿ ಸಾಕಾಗಿ, "ಇದನ್ನೆಲ್ಲ ಬರೆದು ನೆಟ್ಟಲ್ಲಿ ಹಾಕಿಬಿಡೇ" ಅಂದರು. ನಾನು ಕಂಪ್ಯೂಟರ್ ಓದಿದವಳಲ್ಲ. ಆದರೂ ಒಪ್ಪಿಕೊಂಡೆ.

ನೋಟ್‌ಪ್ಯಾಡಿನಲ್ಲಿ ಗಿಡದ ಹೆಸರು, ರೇಟು ಟೈಪ್ ಮಾಡಿದೆ. ಇದು ತಲೆಬರಹ, ಇದು ಪಟ್ಟಿ, ಇಲ್ಲಿ ಫೋಟೋ ಅಂತ ನಡುನಡುವೆ ಗುರುತು ಹಾಕಿದೆ. ಈ ಗುರುತುಗಳಿಗೇ ಎಚ್‌ಟಿಎಮ್‌ಎಲ್ ಅನ್ನುವುದು. ಫೈಲನ್ನು ಕ್ರೋಮ್‌ನಲ್ಲಿ ತೆರೆದರೆ ಎಲ್ಲ ಸರಿಯಾಗಿ ಕಂಡಿತು. ಒಂದು ವಿಳಾಸ ಕೊಂಡು, ಬಾಡಿಗೆ ಸರ್ವರಿಗೆ ಹಾಕಿ, ಲಿಂಕ್ ಕಳಿಸಿದೆ.

ಐದೇ ನಿಮಿಷಕ್ಕೆ ಮಾವನ ಫೋನು. "ಎಂತ ಮಾರಾಯ್ತಿ ಇದು? ಕನ್ನಡ ಎಲ್ಲಿ ಹೋಯ್ತು?"

ನನ್ನ ಫೋನಿನಲ್ಲಿ ನೋಡಿದರೆ ನಿಜವೇ. ಕನ್ನಡದ ಜಾಗದಲ್ಲಿ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಅಕ್ಷರ, ಪುಟಾಣಿ 2, ಚುಕ್ಕೆ. ಸಾಲು ಸಾಲಾಗಿ ಹಾಗೇ. ಫೋಟೋನೂ ಇಲ್ಲ.

ಆ ರಾತ್ರಿ ಕೂತು ಹುಡುಕಿದಾಗ ಒಂದು ವಿಷಯ ತಲೆಗೆ ಹೋಯಿತು. ವೆಬ್ ಪೇಜು ಚಿತ್ರದ ಹಾಗೆ ಸಿದ್ಧವಾಗಿ ಬರುವುದಿಲ್ಲ. ನಾವು ವಿಳಾಸ ಒತ್ತಿದಾಗ, ಆ ಹೆಸರಿನ ಕಂಪ್ಯೂಟರಿನ ನಂಬರ್ ಯಾವುದು ಅಂತ ಬ್ರೌಸರ್ ಮೊದಲು ಡಿಎನ್‌ಎಸ್ ಅನ್ನೋ ನೆಟ್ಟಿನ ವಿಳಾಸಪುಸ್ತಕದ ಹತ್ತಿರ ಕೇಳುತ್ತದೆ. ನಂಬರ್ ಸಿಕ್ಕ ಮೇಲೆ ಸರ್ವರಿಗೆ "ಈ ಪೇಜು ಕೊಡು" ಅನ್ನುತ್ತದೆ. ಸರ್ವರ್ ಅಂದರೆ ಸದಾ ಆನ್ ಇರುವ ಇನ್ನೊಂದು ಕಂಪ್ಯೂಟರ್, ಅಷ್ಟೇ. ಅದು ಕಳಿಸುವುದು ಬರೀ ಸಂಖ್ಯೆಗಳನ್ನು. ಅವನ್ನು ಓದಿ ಪೇಜನ್ನು ಬರೆಯುವ ಕೆಲಸವೆಲ್ಲ ನಮ್ಮ ಫೋನಿನ ಬ್ರೌಸರಿನದು.

'ಕ' ಅನ್ನೋ ಒಂದಕ್ಷರ ತಗೊಳ್ಳಿ. ಯುಟಿಎಫ್-8 ಪದ್ಧತಿಯಲ್ಲಿ ಅದು ಮೂರು ಸಂಖ್ಯೆಯಾಗಿ ಹೋಗುತ್ತದೆ: 224, 178, 149. 'ಕನ್ನಡ' ಅಂದರೆ ಕ, ನ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ನ, ಡ. ಐದು ಮೂರಲೇ ಹದಿನೈದು ಸಂಖ್ಯೆ. ಎರಡು ನ ಸೇರಿಸಿ ಒತ್ತಕ್ಷರ ಮಾಡುವುದೂ ಬ್ರೌಸರೇ, ಫಾಂಟಿನ ಸಹಾಯದಿಂದ. ಎಷ್ಟು ಚಂದದ ಕೆಲಸ ಅಲ್ವಾ? ಆದರೆ ಯಾವ ಪದ್ಧತಿಯಲ್ಲಿ ಓದಬೇಕು ಅಂತ ನಾನು ಎಲ್ಲೂ ಹೇಳಿರಲಿಲ್ಲ. ಫೋನು ಹಳೆಯ ಯುರೋಪಿಯನ್ ಅಕ್ಷರಪಟ್ಟಿ ಹಿಡಿದು ಓದಿತು. ಅದರಲ್ಲಿ 224 ಅಂದರೆ ಗೀಟಿನ ಅಕ್ಷರ, 178 ಅಂದರೆ ಪುಟಾಣಿ 2, 149 ಅಂದರೆ ಚುಕ್ಕೆ. ಮಾವ ನೋಡಿದ್ದು ಅದನ್ನೇ.

ಹಾಗಾದರೆ ನನ್ನ ಲ್ಯಾಪ್‌ಟಾಪಿನಲ್ಲಿ ಹೇಗೆ ಸರಿ ಇತ್ತು? ಕಂಪ್ಯೂಟರಿನೊಳಗೇ ಇರುವ ಫೈಲಾದರೆ ಕ್ರೋಮ್ ಸಂಖ್ಯೆಗಳನ್ನು ನೋಡಿ ಇದು ಯುಟಿಎಫ್-8 ಅಂತ ತಾನೇ ಊಹಿಸುತ್ತದೆ. ನೆಟ್ಟಿನಿಂದ ಬಂದ ಪೇಜಿಗೆ ಹಾಗೆ ಮಾಡುವುದಿಲ್ಲ. ಪೇಜಿನ ತಲೆಯಲ್ಲಿ 'ಮೆಟಾ ಚಾರ್‌ಸೆಟ್ ಯುಟಿಎಫ್-8' ಅನ್ನೋ ಒಂದು ಸಾಲು ಸೇರಿಸಿದೆ. ಅದು ಮೊದಲ 1024 ಬೈಟಿನೊಳಗೇ (ಅಂದರೆ ಮೊದಲ 1024 ಸಂಖ್ಯೆಯೊಳಗೇ) ಇರಬೇಕು, ಹಾಗಾಗಿ ಮೇಲೆಯೇ ಇಟ್ಟೆ. ಕನ್ನಡ ವಾಪಸ್ ಬಂತು.

ಫೋಟೋದ ಕತೆ ಚಿಕ್ಕದು. ಕ್ರೋಮ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿ ನೋಡಿದೆ. ಒಂದೊಂದು ಫೋಟೋವನ್ನೂ ಬ್ರೌಸರ್ ಬೇರೆ ಬೇರೆಯಾಗಿ ಕೇಳುತ್ತಿತ್ತು. ಪ್ರತಿ ಸಲ 404, ಅಂದರೆ ಸಿಗಲಿಲ್ಲ. ಫೈಲಿನ ಹೆಸರಿನ ಕೊನೆಗೆ ಇಂಗ್ಲಿಷಿನ ದೊಡ್ಡಕ್ಷರ ಇತ್ತು, ಪೇಜಿನಲ್ಲಿ ಸಣ್ಣಕ್ಷರ ಬರೆದಿದ್ದೆ. ವಿಂಡೋಸ್‌ಗೆ ಎರಡೂ ಒಂದೇ. ಸರ್ವರಿನ ಲಿನಕ್ಸ್‌ಗೆ ಅವು ಬೇರೆ ಬೇರೆ ಫೈಲು. ಹೆಸರೆಲ್ಲ ಸಣ್ಣಕ್ಷರಕ್ಕೆ ತಿದ್ದಿದೆ, ಫೋಟೋ ಬಂದವು.

ಈಗ ಏನೇ ಬದಲಾಯಿಸಿದರೂ ವೈಫೈ ಆಫ್ ಮಾಡಿ, ಫೋನಿನಲ್ಲಿ ವಿಳಾಸ ಹೊಡೆದು ನೋಡುತ್ತೇನೆ. ಆಮೇಲೆ ಮಾವನಿಗೆ ಲಿಂಕ್. ಹೋದ ವಾರ ಅವರು ಮೇಲಿಂದ ಕೆಳಗೆ ಓದಿ, ಒಂದು ಸಾಲು ಸೇರಿಸು ಅಂದರು: "ಮೆಣಸಿನ ಬಳ್ಳಿ ಬೇಕಾದವರು ಮಳೆ ಹಿಡಿದ ಮೇಲೆ ಬನ್ನಿ."