ಆಸಿಡ್ ದಾಳಿಯಾದರೆ ಮೊದಲು ನೀರು, ಆಮೇಲೆ ಉಳಿದದ್ದು

ಆಸಿಡ್ ಒಮ್ಮೆ ಸುಟ್ಟು ಸುಮ್ಮನಾಗುವುದಿಲ್ಲ. ತೊಳೆದು ತೆಗೆಯುವ ತನಕ ಚರ್ಮದೊಳಕ್ಕೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಮೊದಲ ನಿಮಿಷಗಳಲ್ಲಿ ಡಾಕ್ಟರಿಗಿಂತ ಪಕ್ಕದಲ್ಲಿ ನಿಂತವರೇ ಮುಖ್ಯ.

ಒಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಲಿ, ಇನ್ನೊಬ್ಬರು ನೀರು ಸುರಿಯಲು ಶುರುಮಾಡಲಿ. ನಲ್ಲಿ, ತೋಟದ ಪೈಪು, ಹೋಟೆಲಿನ ಡ್ರಮ್ಮು, ಯಾವುದಾದರೂ ಸರಿ. ನಾಲ್ಕು ಚೊಂಬು ಸುರಿದು ನಿಲ್ಲಿಸಿಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಅಷ್ಟು ನೀರಿಗೆ ಆಸಿಡ್ ಹೋಗುವುದಿಲ್ಲ, ಹರಡುತ್ತದೆ. ಕನಿಷ್ಠ 20 ನಿಮಿಷ ತೊಳೆಯಿರಿ, ಉರಿ ಇದ್ದರೆ ಇನ್ನೂ ಹೊತ್ತು. ಉಜ್ಜಬೇಡಿ. ಕಣ್ಣಿಗೆ ಬಿದ್ದಿದ್ದರೆ ಆ ಕಣ್ಣು ಕೆಳಗಿರುವಂತೆ ತಲೆ ಓರೆಮಾಡಿಸಿ, ರೆಪ್ಪೆ ಬಿಡಿಸಿ ಹಿಡಿದು ನೀರು ಬಿಡಿ. ಇಲ್ಲದಿದ್ದರೆ ತೊಳೆದ ನೀರು ಇನ್ನೊಂದು ಕಣ್ಣಿಗೆ ಹೋಗುತ್ತದೆ.

ನೀರು ಸುರಿಯುತ್ತಲೇ ಬಟ್ಟೆ, ಸರ, ಓಲೆ, ವಾಚು ತೆಗೆಯಿರಿ. ಕುರ್ತಾ, ಟೀ ಶರ್ಟುಗಳನ್ನು ತಲೆಯ ಮೇಲಿಂದ ಎಳೆದರೆ ಮುಖಕ್ಕೆ ಮೆತ್ತುತ್ತದೆ, ಕತ್ತರಿಸಿ. ಚರ್ಮಕ್ಕೆ ಅಂಟಿಕೊಂಡದ್ದನ್ನು ಕೀಳಬೇಡಿ. ನಿಮ್ಮ ಕೈಗೆ ಗ್ಲೌಸ್ ಇಲ್ಲವೇ? ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳಿ. ತೆಗೆದ ಬಟ್ಟೆ ಪೊಲೀಸರಿಗೆ ಬೇಕು, ಎಸೆಯಬೇಡಿ.

ತುಪ್ಪ, ಅರಿಶಿನ, ಟೂತ್‌ಪೇಸ್ಟ್ ಹಚ್ಚಲು ಯಾರಾದರೂ ಬಂದರೆ ದಯವಿಟ್ಟು ತಡೆಯಿರಿ. ಗಾಯದ ಮೇಲೆ ಮೆತ್ತಿದ್ದನ್ನು ಆಸ್ಪತ್ರೆಯಲ್ಲಿ ಮತ್ತೆ ಕೆರೆದು ತೆಗೆಯಬೇಕಾಗುತ್ತದೆ. ಅಡುಗೆ ಸೋಡಾವೂ ಬೇಡ, ಆಸಿಡ್ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ.

"ಮೊದಲು ಕಂಪ್ಲೇಂಟ್ ಕೊಟ್ಟು ಬನ್ನಿ" ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ಪೊಲೀಸರಿಗೆ ತಿಳಿಸುವುದೂ ಆಸ್ಪತ್ರೆಯದೇ ಕೆಲಸ. ನಿರಾಕರಿಸಿದರೆ ಹೊಣೆಗಾರರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಈ ಕಲಂ ಸಂಖ್ಯೆಯನ್ನು ಕೌಂಟರಿನಲ್ಲಿ ಗಟ್ಟಿಯಾಗಿ ಹೇಳಿ.

ಎಫ್‌ಐಆರ್ ಯಾವ ಠಾಣೆಯಲ್ಲಾದರೂ ಆಗುತ್ತದೆ, "ನಮ್ಮ ಸರಹದ್ದಲ್ಲ" ಎಂಬ ಮಾತು ನಡೆಯದು. ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ 124ನೇ ಕಲಂ ಇದೆಯೇ ನೋಡಿ. ಅದರಡಿ ಕನಿಷ್ಠ ಶಿಕ್ಷೆ 10 ವರ್ಷ. ಎರಚಿದ್ದು ತಗಲದೇ ಹೋದರೂ ಆ ಪ್ರಯತ್ನಕ್ಕೆ 5ರಿಂದ 7 ವರ್ಷ ಇದೆ. ಹಾಗಾಗಿ ಗಾಯವಾಗಲಿಲ್ಲವೆಂದು ದೂರು ಬಿಡಬೇಡಿ.

ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ತೀರ್ಪು ಬರಲೆಂದು ಕಾಯಬೇಕಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ 3 ಲಕ್ಷ ರೂಪಾಯಿ ನಿಗದಿ ಮಾಡಿ, ಅದರಲ್ಲಿ 1 ಲಕ್ಷವನ್ನು 15 ದಿನದೊಳಗೆ ಕೊಡಬೇಕೆಂದಿತು. ಉಚಿತ ವಕೀಲರ ನೆರವಿಗೆ 15100ಕ್ಕೆ ಕರೆ ಮಾಡಿ.